ನೀರಲ್ಲಿ ಕೈ ಹೇಳುವ ಸುಳ್ಳು

ಕಣ್ಣು ಮುಚ್ಚಿ ಮೂಗು ಮುಟ್ಟಿಕೊಳ್ಳಿ ಅಂದರೆ ಯಾರಾದರೂ ಮುಟ್ಟಿಕೊಳ್ಳುತ್ತಾರೆ. ನಮ್ಮ ಕೈ ಎಲ್ಲಿದೆ ಅಂತ ನೋಡದೆಯೇ ನಮಗೆ ಗೊತ್ತು. ಅದೇ ಕೈ ನೀರಿಗಿಳಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ಫ್ರೀಸ್ಟೈಲ್, ಅಂದರೆ ಬೋರಲು ಮಲಗಿ ಒಂದಾದ ಮೇಲೊಂದು ಕೈ ಬೀಸುತ್ತಾ, ಈಜಿ ಬಂದವರನ್ನು ನಿಲ್ಲಿಸಿ, ಮೊಣಕೈ ಬಾಗಿತ್ತಾ ಅಂತ ಕೇಳಿ. ಖಂಡಿತ ಬಾಗಿತ್ತು ಅಂತಾರೆ. ಆಮೇಲೆ ನೀರೊಳಗಿಂದ ತೆಗೆದ ವಿಡಿಯೊ ತೋರಿಸಿ. ಭುಜದಿಂದ ಬೆರಳ ತುದಿಯವರೆಗೆ ಕೈ ನೆಟ್ಟಗಿರುತ್ತದೆ, ಸೀದಾ ತಳದ ಕಡೆ ಹೊರಟಿರುತ್ತದೆ. ಇದು ನನ್ನ ಕೈಯೇ ಅಲ್ಲ ಅನ್ನುವವರೂ ಉಂಟು.

ಅವರನ್ನು ಬೈದು ಏನೂ ಉಪಯೋಗವಿಲ್ಲ. ಮುಖ ನೀರಲ್ಲಿ, ಕಾಲು ಎಲ್ಲೋ ಹಿಂದೆ, ಮುಂದಿನ ಉಸಿರು ಸಿಗುತ್ತೋ ಇಲ್ಲವೋ ಅನ್ನುವ ಚಿಂತೆ ಬೇರೆ. ಈ ಗಡಿಬಿಡಿಯಲ್ಲಿ ಮೊಣಕೈಯನ್ನು ಯಾರು ವಿಚಾರಿಸಿಕೊಳ್ಳುತ್ತಾರೆ? ಹಾಗಾಗಿ ಎಲ್ಲರೂ ಕಣ್ಣಿಗೆ ಕಾಣುವ ಭಾಗವನ್ನೇ ತಿದ್ದಲು ಹೊರಡುತ್ತಾರೆ. ನೀರಿನ ಮೇಲೆ ಕೈ ಮುಂದಕ್ಕೆ ಬರುವ ಆ ಅರ್ಧ ಸುತ್ತು ಇದೆಯಲ್ಲ, ರಿಕವರಿ ಅಂತಾರೆ, ದಡದಲ್ಲಿ ನಿಂತವರಿಗೆ ಕಾಣುವುದು ಅದೊಂದೇ. ಮೊಣಕೈ ಎತ್ತು, ಬೆರಳ ತುದಿ ನೀರನ್ನು ಸವರಿಕೊಂಡು ಬರಲಿ ಅಂತೆಲ್ಲ ಅಲ್ಲಿಂದಲೇ ಕೂಗುತ್ತಾರೆ. ಬೇಡ ಅಂತಲ್ಲ, ಅದರಿಂದ ಭುಜಕ್ಕೆ ಆರಾಮವೇ. ಆದರೆ ಆ ಹೊತ್ತಲ್ಲಿ ಆ ಕೈ ನಮ್ಮನ್ನು ಒಂದಿಂಚೂ ಮುಂದೆ ತಳ್ಳುತ್ತಿರುವುದಿಲ್ಲ, ಸುಮ್ನೆ ವಾಪಸ್ ಬರುತ್ತಿರುತ್ತದೆ.

ಅಮೆರಿಕದ ಈಜುಗಾರ್ತಿ ಜಾನೆಟ್ ಇವಾನ್ಸ್ ನೀರಿನ ಮೇಲೆ ತೋಳು ಬಗ್ಗಿಸದೆ ಗಿರಗಿರನೆ ಬೀಸುತ್ತಿದ್ದರು. ನೋಡಲು ಅಂದವಾಗೇನೂ ಇರಲಿಲ್ಲ. ಆದರೆ 1989ರಲ್ಲಿ ಅವರು 800 ಮೀಟರನ್ನು 8 ನಿಮಿಷ 16.22 ಸೆಕೆಂಡಿನಲ್ಲಿ ಈಜಿದ ದಾಖಲೆ ಮುರಿಯಲು 2008ರವರೆಗೆ ಕಾಯಬೇಕಾಯಿತು! ಇನ್ನೂ ಹಿಂದೆ, 1844ರಲ್ಲಿ, ಉತ್ತರ ಅಮೆರಿಕದ ಇಬ್ಬರು ಮೂಲನಿವಾಸಿಗಳು ಲಂಡನ್ನಿನಲ್ಲಿ ಹೀಗೇ ತೋಳು ಬೀಸಿ ಈಜಿ ತೋರಿಸಿದ್ದರು. ಎರಡೂ ಕೈ ಒಟ್ಟಿಗೆ ನೀರೊಳಗೇ ಅಗಲಿಸುತ್ತಾ ಮೆಲ್ಲಗೆ ಬ್ರೆಸ್ಟ್‌ಸ್ಟ್ರೋಕ್ ಈಜಿಕೊಂಡಿದ್ದ ಅಲ್ಲಿನವರು, ಇದೇನು ಗಾಳಿಯಂತ್ರದ ರೆಕ್ಕೆಯ ಹಾಗೆ ನೀರು ಬಡಿಯುವುದು ಅಂತ ಮೂಗು ಮುರಿದರು. ನೀರಿನ ಮೇಲಿನ ಕೈ ನೋಡಿ ತೀರ್ಪು ಕೊಡುವ ಚಾಳಿ ಹಳೆಯದು.

ನಿಜವಾದ ಕೆಲಸ ಕೆಳಗೆ ನಡೆಯುತ್ತದೆ. ಕೈ ಭುಜದ ನೇರಕ್ಕೆ ನೀರು ಸೇರಬೇಕು, ತಲೆಯ ಮುಂದೆ ಅಡ್ಡ ದಾಟಬಾರದು. ದಾಟಿದರೆ ಸೊಂಟ ಆಚೀಚೆ ಹೊಯ್ದಾಡುತ್ತದೆ. ಮುಂದೆ ಚಾಚಿದ ಮೇಲೆ ಬೆರಳ ತುದಿ ಕೆಳಗೆ ಬಾಗಬೇಕು, ಮೊಣಕೈ ಮಾತ್ರ ಮೇಲೆಯೇ ಉಳಿಯಬೇಕು. ಇದಕ್ಕೆ ಕ್ಯಾಚ್ ಅಂತಾರೆ. ಇಷ್ಟಾದರೆ ಮೊಣಕೈಯಿಂದ ಬೆರಳವರೆಗಿನ ಇಡೀ ಭಾಗ ಹಿಂದಕ್ಕೆ ಮುಖ ಮಾಡಿ ನೀರನ್ನು ಹಿಡಿಯುತ್ತದೆ. ಅಂಗೈ ಒಂದರಿಂದಲೇ ಎಷ್ಟು ನೀರು ಸಿಕ್ಕೀತು ಹೇಳಿ? ಕೊಳದ ಏಣಿ ಬಿಟ್ಟು, ಅಂಚಿಗೆ ಅಂಗೈ ಊರಿ ಹತ್ತುವುದನ್ನು ನೆನೆಸಿಕೊಳ್ಳಿ. ಮೊಣಕೈ ತಾನಾಗಿಯೇ ಮೇಲೆದ್ದು ಅಂಗೈಯ ಮೇಲೆ ನಿಲ್ಲುತ್ತದೆ. ಮೊಣಕೈ ಕೆಳಗೆ ಬಿಟ್ಟುಕೊಂಡು ಹತ್ತಲು ಹೋದರೆ ಅರ್ಧಕ್ಕೇ ಜಾರಿ ಮತ್ತೆ ನೀರಿಗೆ. ಈಜುವಾಗಲೂ ಬೇಕಾದದ್ದು ಅದೇ ಮೊಣಕೈ, ಮಲಗಿಕೊಂಡು ಮಾಡಬೇಕು ಅಷ್ಟೇ.

ತಮಾಷೆ ಇರುವುದು ಇಲ್ಲೇ. ನೆಟ್ಟಗಿನ ಕೈಯಿಂದ ನೀರನ್ನು ಕೆಳಗೆ ಒತ್ತಿದಾಗ ಭುಜಕ್ಕೆ ಭರ್ಜರಿ ಭಾರ ಸಿಗುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಒತ್ತಿದರೆ ಎದುರೊತ್ತದೆ ಬಿಡುತ್ತದೆಯೇ. ಆಹಾ, ಎಂಥಾ ಎಳೆತ ಅನ್ನಿಸುತ್ತದೆ. ಆಗಿದ್ದೇನು? ತಲೆ, ಎದೆ ಮೇಲೆದ್ದವು, ಕಾಲು ಮುಳುಗಿತು, ಮುಂದೆ ಹೋಗಿದ್ದು ಚೂರೇ ಚೂರು. ಸರಿಯಾದ ಕ್ಯಾಚ್‌ನಲ್ಲಿ ಶುರುವಿಗೆ ಅಂಥ ಭಾರವೇ ಸಿಗುವುದಿಲ್ಲ. ಏನೂ ಮಾಡುತ್ತಿಲ್ಲವೇನೋ, ಸೋಮಾರಿತನ ಮಾಡುತ್ತಿದ್ದೇನೇನೋ ಅನ್ನಿಸುತ್ತದೆ. ಸುಸ್ತಾದರೇನೇ ವ್ಯಾಯಾಮ ಅಂತ ನಂಬಿದವರಿಗೆ ಇದು ಒಗ್ಗುವುದೇ ಇಲ್ಲ, ಎರಡು ದಿನ ಮಾಡಿ ಹಳೇ ಒತ್ತಾಟಕ್ಕೇ ಮರಳುತ್ತಾರೆ.

ದೊಡ್ಡವರಿಗೂ ಕೈ ಯಾಮಾರಿಸಿದೆ ಅನ್ನಿ. ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಜೇಮ್ಸ್ ಕೌನ್ಸಿಲ್ಮನ್, ಹೆಸರಾಂತ ಈಜುಗಾರ ಮಾರ್ಕ್ ಸ್ಪಿಟ್ಜ್‌ಗೆ ಕಲಿಸಿದವರು, 1960ರ ದಶಕದಲ್ಲಿ ನೀರೊಳಗೆ ಕ್ಯಾಮೆರಾ ಇಟ್ಟು ನೋಡಿದರು. ಒಳ್ಳೆಯ ಈಜುಗಾರರ ಕೈ ಇಂಗ್ಲಿಷಿನ ಎಸ್ ಅಕ್ಷರದಂತೆ ಸುತ್ತಿ ಬರುವುದು ಕಂಡಿತು. ವಿಮಾನದ ರೆಕ್ಕೆಗೆ ಅನ್ವಯಿಸುವ ನಿಯಮವೇ ಕೈಗೂ ಅನ್ವಯಿಸುತ್ತದೆ ಅಂತ ವಿವರಣೆಯೂ ಬಂತು. ಎಷ್ಟೋ ವರ್ಷ ಮಕ್ಕಳು ನೀರಲ್ಲಿ ಎಸ್ ಬರೆದರು. ನೀರನ್ನು ಹಿಂದಕ್ಕೆ ತಳ್ಳುವುದೇ ಮುಖ್ಯ, ದೇಹ ಪಕ್ಕಕ್ಕೆ ಹೊರಳುವುದರಿಂದ ಬರುವ ಸಣ್ಣ ಬಳುಕು ತಾನಾಗಿ ಬರಲಿ, ಬೇಕೆಂದೇ ಬರೆಯಬೇಡಿ ಅನ್ನುವ ಮಾತು ಗಟ್ಟಿಯಾಗಿದ್ದು ಆಮೇಲೆ. ಬೆರಳುಗಳ ವಿಷಯವೂ ಹಾಗೇ. ಬಿಗಿಯಾಗಿ ಒತ್ತಿ ಹಿಡಿಯಬೇಕಿಲ್ಲ, ಸ್ವಲ್ಪ ಸಂದು ಇದ್ದರೆ ನೀರೇನೂ ಸೋರಿ ಹೋಗುವುದಿಲ್ಲ.

ತಿದ್ದಿಕೊಳ್ಳಲು ನನಗೆ ಹಿಡಿಸಿದ ಡ್ರಿಲ್, ಅಂದರೆ ಅಭ್ಯಾಸದ ಕಸರತ್ತು, ಮುಷ್ಟಿಯದ್ದು. ಕೊಳದ ಈ ತುದಿಯಿಂದ ಆ ತುದಿಗೆ, ಒಂದು ಉದ್ದ ಅಂತಾರಲ್ಲ ಅಷ್ಟು, ಮುಷ್ಟಿ ಕಟ್ಟಿಕೊಂಡೇ ಈಜಿ. ಅಂಗೈ ಇಲ್ಲದ ಮೇಲೆ ಬೇರೆ ದಾರಿಯಿಲ್ಲ, ಮೊಣಕೈ ಮೇಲಿಟ್ಟು ಕೈಯ ಉಳಿದ ಭಾಗದಿಂದಲೇ ನೀರು ಹಿಡಿಯಬೇಕು. ಆಮೇಲೆ ಬೆರಳು ಬಿಡಿಸಿದರೆ ಅಂಗೈ ದಿಢೀರನೆ ದೊಡ್ಡದಾದ ಹಾಗೆ ಅನ್ನಿಸುತ್ತದೆ. ಒಂದೇ ಕೈಯಲ್ಲಿ ಈಜುವ ಡ್ರಿಲ್ ಕೂಡ ಒಳ್ಳೆಯದು, ಬೋರ್ ಹೊಡೆಸುತ್ತದೆ ಅಷ್ಟೇ. ಇನ್ನು ಉಸಿರಿಗೆ ಬಲಕ್ಕೆ ತಿರುಗಿದಾಗ ಎಡಗೈ ಕಳ್ಳನ ಹಾಗೆ ಮೆಲ್ಲಗೆ ಕೆಳಗೆ ಒತ್ತಿ ತಲೆಗೆ ಆಸರೆ ಕೊಡುತ್ತಿರುತ್ತದೆ, ಅದನ್ನೊಂದು ಹಿಡಿಯಬೇಕು. ನೀರೊಳಗೇ ಉಸಿರು ಬಿಟ್ಟು ಮುಗಿಸಿ, ದೇಹದ ಜೊತೆಗೇ ತಲೆ ಹೊರಳಿಸಿದರೆ ಆ ಆಸರೆ ಬೇಕಾಗುವುದಿಲ್ಲ. ಅಂಗೈಗೆ ದೊಡ್ಡ ಪ್ಯಾಡಲ್, ಅಂದರೆ ಚಪ್ಪಟೆ ಹಲಗೆ, ಕಟ್ಟಿಕೊಂಡರೆ ಎಲ್ಲ ಸರಿಹೋಗುತ್ತದೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ. ತಪ್ಪು ಎಳೆತಕ್ಕೆ ಪ್ಯಾಡಲ್ ಸೇರಿದರೆ ಭುಜದ ನೋವು ಗ್ಯಾರಂಟಿ.

ಕೈ ಸುಳ್ಳು ಹೇಳುತ್ತಿದೆಯಾ ಅಂತ ನೋಡಲು ಕ್ಯಾಮೆರಾ ಇಲ್ಲದಿದ್ದರೆ ಸ್ಟ್ರೋಕ್, ಅಂದರೆ ಎಷ್ಟು ಸಲ ಕೈ ಬೀಸಿದಿರಿ ಅಂತ, ಎಣಿಸಬಹುದು. ಒಂದು ಉದ್ದಕ್ಕೆ ಎಣಿಕೆ ಕಮ್ಮಿಯಾದರೆ ಹಿಡಿತ ಸುಧಾರಿಸಿದೆ ಅಂತ ಲೆಕ್ಕ. ಇದರಲ್ಲೂ ಮೋಸ ಮಾಡಿಕೊಳ್ಳಬಹುದು, ಕೈ ಮುಂದೆ ಚಾಚಿ ತೇಲುತ್ತಾ ಮಲಗಿದರೆ ಎಣಿಕೆ ಕಮ್ಮಿಯೇ ಆಗುತ್ತದೆ, ವೇಗವೂ ಹೋಗಿರುತ್ತದೆ. ಅದಕ್ಕೇ ಗಡಿಯಾರವನ್ನೂ ನೋಡಬೇಕು. ಮತ್ತೆ, ಈ ಡ್ರಿಲ್‌ಗಳನ್ನೆಲ್ಲ ಕೊನೆಗೆ ಮಾಡೋಣ ಅಂತ ಇಟ್ಟುಕೊಳ್ಳಬೇಡಿ. ಸುಸ್ತಾದ ಕೈ ಮೊದಲು ಕೈಬಿಡುವುದೇ ಮೊಣಕೈಯನ್ನು. ಮೈ ಬೆಚ್ಚಗಾದ ಕೂಡಲೇ ಮಾಡಿ ಮುಗಿಸಿ, ಆಮೇಲೆ ಎಷ್ಟು ಬೇಕಾದರೂ ನೀರು ಬಡಿಯಿರಿ.