ಜೀವಾವಧಿ ಅಂದರೆ ಎಷ್ಟು ವರ್ಷ, ಮಗು ಯಾರ ಮನೆಯಲ್ಲಿ?

ಜೀವಾವಧಿ ಶಿಕ್ಷೆ ಅಂದರೆ 14 ವರ್ಷ ಅಂತ ನಮ್ಮ ಹಾಸನದ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಜೈಲಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ, ಹಾಗಾಗಿ ಏಳೇ ವರ್ಷ ಅಂತ ಲೆಕ್ಕ ಕೊಡುವವರೂ ಇದ್ದಾರೆ. ಎರಡೂ ಸುಳ್ಳು. ಜೀವಾವಧಿ ಅಂದರೆ ಉಸಿರಿರುವವರೆಗೂ. ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ಇದನ್ನು ಹೇಳಿದೆ. ಆ 14ರ ಮೂಲ ಬೇರೆ. ಗಲ್ಲು ಕೊಡಬಹುದಾದಂಥ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಸನ್ನಡತೆ ನೋಡಿ ಬಿಡುವುದಕ್ಕೂ 14 ವರ್ಷ ಒಳಗೆ ಕಳೆದಿರಬೇಕು. ಆಮೇಲೆ ಬಿಡುವುದು, ಬಿಡದಿರುವುದು ಸರ್ಕಾರದ ಕೈಯಲ್ಲಿ.

ಜನರ ಮೇಲೆ ನನಗೆ ನಗು ಬರುವುದಿಲ್ಲ. ತೀರ್ಪಿನ ದಿನ ಯಾರೂ ಬಿಡಿಸಿ ಹೇಳದಿದ್ದರೆ ಊಹೆ ಮಾಡಿಕೊಳ್ಳದೆ ಇನ್ನೇನು ಮಾಡಿಯಾರು?

ನಾನಿರುವ ಇಂಗ್ಲೆಂಡಿನಲ್ಲಿ ಕೊಲೆಗೆ ಜೀವಾವಧಿಯೇ ಕಡ್ಡಾಯ. ಆದರೆ ಜಡ್ಜ್ ಅವತ್ತೇ ಒಂದು ಅಂಕಿಯನ್ನೂ ಹೇಳಬೇಕು. ಅಷ್ಟು ವರ್ಷ ತುಂಬುವವರೆಗೆ ಬಿಡುಗಡೆಯ ಮಾತೇ ಇಲ್ಲ. ವಯಸ್ಕರಿಗೆ ಸಾಧಾರಣವಾಗಿ 15ರಿಂದ ಲೆಕ್ಕ ಶುರು. ಚಾಕು ಹಿಡಿದುಕೊಂಡೇ ಹೋಗಿ ಇರಿದಿದ್ದರೆ 25ರಿಂದ, ಬಂದೂಕು ಬಳಸಿದ್ದರೆ 30ರಿಂದ. ತೀರಾ ಘೋರವಾದದ್ದಕ್ಕೆ ಸಾಯುವವರೆಗೂ. ಅವಧಿ ಮುಗಿದ ಮೇಲೆ ಬಿಡಬಹುದೋ ಬೇಡವೋ ಅಂತ ಪೆರೋಲ್ ಬೋರ್ಡ್ ಎಂಬ ಮಂಡಳಿ ನೋಡುತ್ತದೆ. ಹೊರಗೆ ಬಂದರೂ ಜೀವನಪೂರ್ತಿ ಷರತ್ತು, ಮುರಿದರೆ ಮತ್ತೆ ಒಳಗೆ. ಇದನ್ನೆಲ್ಲ ಸಾಮಾನ್ಯರ ಮಾತಿನಲ್ಲಿ ವಿವರಿಸಬೇಕು ಅಂತ ಕಾನೂನಿನಲ್ಲೇ ಬರೆದಿದೆ. 2022ರಿಂದ ಕೆಲವು ದೊಡ್ಡ ಕೇಸುಗಳಲ್ಲಿ ಜಡ್ಜ್ ಶಿಕ್ಷೆ ಹೇಳುವುದನ್ನು ಟಿವಿಯಲ್ಲೂ ತೋರಿಸುತ್ತಾರೆ. ನೋಡಿದ್ದೇನೆ. ಸತ್ತವನ ತಾಯಿಗೂ ಅರ್ಥವಾಗುತ್ತದೆ, ಕಟಕಟೆಯಲ್ಲಿ ನಿಂತವನಿಗೂ.

ನಮ್ಮ ಸೆಷನ್ಸ್ ಜಡ್ಜ್ ಮನಸ್ಸು ಮಾಡಿದರೂ ಕೊಲೆ ಕೇಸಿನಲ್ಲಿ ಹೀಗೆ ಹೇಳುವಂತಿಲ್ಲ. ಬೆಂಗಳೂರಿನ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಗಲ್ಲು ತಪ್ಪಿಸಿ, ಬದುಕಿರುವವರೆಗೆ ಬಿಡುಗಡೆ ಇಲ್ಲ ಅಂದಿತು. ಅಂಥ ಶಿಕ್ಷೆ ಕೊಡುವ ಅಧಿಕಾರ ಹೈಕೋರ್ಟಿಗೆ ಮತ್ತು ತನಗೆ ಮಾತ್ರ ಅಂತ 2015ರಲ್ಲಿ ಅದರ ಸಂವಿಧಾನ ಪೀಠ ತೀರ್ಮಾನಿಸಿತು. ನನಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ಸಾಕ್ಷಿಗಳ ಮುಖ ನೋಡಿದವರು ಕೆಳಗಿನ ಕೋರ್ಟಿನವರು, ಅಲ್ವಾ?

ಇಂಗ್ಲೆಂಡಿನವರು ಎಲ್ಲದರಲ್ಲೂ ಜಾಣರು ಅಂತಲ್ಲ. ಕೊನೆಯ ದಿನವೇ ಇಲ್ಲದ ಐಪಿಪಿ ಎಂಬ ಶಿಕ್ಷೆಯನ್ನು 2005ರಲ್ಲಿ ಜಾರಿಗೆ ತಂದು 2012ರಲ್ಲಿ ರದ್ದು ಮಾಡಿದರು. ಆದರೆ ಆಗಲೇ ಒಳಗಿದ್ದವರಿಗೆ ಆ ರದ್ದತಿಯಿಂದ ಏನೂ ಸಿಗಲಿಲ್ಲ. ಎರಡು ಮೂರು ವರ್ಷ ಕನಿಷ್ಠ ಅವಧಿ ಇದ್ದವರೂ ಹತ್ತು ವರ್ಷ ದಾಟಿ ಒಳಗೇ ಉಳಿದರು.

ಅಪ್ಪ ಅಮ್ಮ ಬೇರೆಯಾದಾಗ ಮಕ್ಕಳ ವಿಷಯದಲ್ಲೂ ನನ್ನ ತಕರಾರು ಅದೇ: ಬಿಡಿಸಿ ಹೇಳುವುದಿಲ್ಲ. ನಮ್ಮ ಕೋರ್ಟಿಗೆ ಹೋದವರು ಕೇಳುವುದು ಮಗು ಯಾರ ವಶಕ್ಕೆ ಅಂತ. ಒಬ್ಬರು ಗೆದ್ದ ಹಾಗೆ, ಇನ್ನೊಬ್ಬರಿಗೆ ಸುಮ್ನೆ ಭೇಟಿಯ ಹಕ್ಕು. ಹಿಂದೂ ಮಕ್ಕಳ ಪೋಷಕತ್ವದ 1956ರ ಕಾನೂನಿನಲ್ಲಿ ಪೋಷಕ ಅಂದರೆ ಮೊದಲು ಅಪ್ಪ, ಅವನ ನಂತರ ಅಮ್ಮ. ಆ 'ನಂತರ' ಅಂದರೆ ಅಪ್ಪ ಸತ್ತ ಮೇಲೆ ಮಾತ್ರ ಅಂತಲ್ಲ ಎಂದು ಸುಪ್ರೀಂ ಕೋರ್ಟ್ ಬಿಡಿಸಿ ಹೇಳಲು 1999 ಬರಬೇಕಾಯಿತು. ಇಲ್ಲಿ ಇಂಗ್ಲೆಂಡಿನಲ್ಲಿ ವಶದ ಮಾತನ್ನು ಮಕ್ಕಳ ಬಗೆಗಿನ 1989ರ ಕಾನೂನೇ ಕೈಬಿಟ್ಟಿತು. 2014ರಿಂದ ಆದೇಶದಲ್ಲಿ ಬರೆಯುವುದು ಮಗು ಯಾರ ಜೊತೆ ವಾಸ ಮಾಡುತ್ತದೆ, ಯಾರ ಜೊತೆ ಯಾವಾಗ ಕಾಲ ಕಳೆಯುತ್ತದೆ ಅಂತ. ವಾರದ ಯಾವ ದಿನ, ರಜೆಯಲ್ಲಿ ಎಷ್ಟು ದಿನ, ಎಲ್ಲಿಂದ ಕರೆದುಕೊಂಡು ಹೋಗಬೇಕು ಅನ್ನುವುದನ್ನೂ ಬರೆಯಬಹುದು. ಜಗಳ ನಿಲ್ಲುವುದಿಲ್ಲ, ನಿಜ. ಆದರೆ ಮಗುವಿಗೆ ಶುಕ್ರವಾರ ಎಲ್ಲಿ ಮಲಗಬೇಕು ಅನ್ನುವುದು ಗೊತ್ತಿರುತ್ತದೆ. ನನಗೆ ಹಿಡಿಸದ್ದೂ ಒಂದಿದೆ: ಮೊಮ್ಮಗುವನ್ನು ನೋಡಲು ಅರ್ಜಿ ಹಾಕಬೇಕೆಂದರೂ ಅಜ್ಜ ಅಜ್ಜಿ ಸಾಮಾನ್ಯವಾಗಿ ಮೊದಲು ಕೋರ್ಟಿನ ಅನುಮತಿ ಪಡೆಯಬೇಕು. ನಮ್ಮೂರ ಅಜ್ಜಿಯರಿಗೆ ಹೇಳಿದರೆ ನನಗೇ ಬೈಗುಳ.

ನಮ್ಮವರಿಗೆ ಹೀಗೆ ಬರೆಯಲು ಬರುವುದಿಲ್ಲ ಅಂತೇನೂ ಇಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಹುಡುಗನ ಕೇಸಿನಲ್ಲಿ ಜನವರಿಯಿಂದ ಜೂನ್ ಅಪ್ಪನ ಹತ್ತಿರ, ಜುಲೈಯಿಂದ ಡಿಸೆಂಬರ್ ಅಮ್ಮನ ಹತ್ತಿರ ಅಂತ ಬರೆಯಿತು. ಇನ್ನೊಬ್ಬರು ಶನಿವಾರ, ಭಾನುವಾರ ಬಂದು ನೋಡಬಹುದು. ವರ್ಷದ ಮಧ್ಯೆ ಮನೆ ಬದಲಾದರೆ ಶಾಲೆಯ ಗತಿಯೇನು ಅಂತ ನನಗೆ ಅನುಮಾನವಿದೆ, ಆದರೆ ಆದೇಶವಂತೂ ಸ್ಪಷ್ಟ. ಜಂಟಿ ಪೋಷಣೆಗೆ ಕಾನೂನಿನಲ್ಲೇ ಜಾಗ ಕೊಡಿ ಅಂತ ಕೇಂದ್ರದ ಕಾನೂನು ಆಯೋಗ 2015ರಲ್ಲಿ ಸಲಹೆ ಕೊಟ್ಟಿತು. ಅದು ಇನ್ನೂ ಸಲಹೆಯಾಗಿಯೇ ಇದೆ.