ಸ್ಪಷ್ಟನೆ: ರಗ್ಬಿಗೆ 6 ಅಡಿ ಎತ್ತರ, 100 ಕೆಜಿ ತೂಕ ಕಡ್ಡಾಯವಲ್ಲ

‘ರಗ್ಬಿ ಆಡಲು ಕನಿಷ್ಠ 6 ಅಡಿ, 100 ಕೆಜಿ ಇರಬೇಕು, ಬಿಎಂಐ 25 ದಾಟಿರಬಾರದು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಬಿಎಂಐ ಎಂದರೆ ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ. 6 ಅಡಿ, 100 ಕೆಜಿ ಇದ್ದವರ ಬಿಎಂಐ ಸುಮಾರು 30 ಆಗುತ್ತದೆ. ಅಂದರೆ ಸಂದೇಶದ ಲೆಕ್ಕ ಅದರಲ್ಲೇ ಕೂಡುವುದಿಲ್ಲ. ವಯಸ್ಕರ ಆಟದ ನಿಯಮಗಳಲ್ಲಿ ಎತ್ತರ, ತೂಕದ ಮಿತಿಯೇ ಇಲ್ಲ.

ಮೈಕಟ್ಟು ಸ್ಥಾನಕ್ಕೆ ತಕ್ಕಂತೆ ಬದಲಾಗುತ್ತದೆ. ಎರಡೂ ತಂಡಗಳು ಚೆಂಡಿಗಾಗಿ ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್‌ನಲ್ಲಿ ಮುಂದಿನ ಸಾಲಲ್ಲಿ ನಿಂತು ಎದುರಾಳಿಯ ಒತ್ತಡ ತಡೆಯುವ ಪ್ರಾಪ್‌ಗಳಿಗೆ ತೂಕ ಬೇಕು, ಲೈನ್‌ಔಟ್‌ನಲ್ಲಿ, ಅಂದರೆ ಅಂಚಿನ ಗೆರೆಯಿಂದ ಚೆಂಡನ್ನು ಒಳಗೆ ಎಸೆದಾಗ, ಅದನ್ನು ಹಿಡಿಯುವ ಲಾಕ್‌ಗಳಿಗೆ ಎತ್ತರ. ಸ್ಕ್ರಮ್‌ನಿಂದ ಚೆಂಡು ತೆಗೆದು ಕೊಡುವ ಸ್ಕ್ರಮ್‌ಹಾಫ್, ಅಂಚಿನಲ್ಲಿ ಓಡುವ ವಿಂಗರ್‌ಗಳಿಗೆ ಚುರುಕು, ವೇಗ. 2019 ಮತ್ತು 2023ರಲ್ಲಿ ವಿಶ್ವಕಪ್ ಗೆದ್ದ ದಕ್ಷಿಣ ಆಫ್ರಿಕಾ ತಂಡಗಳಲ್ಲಿ 2.03 ಮೀಟರ್ ಎತ್ತರದ ಎಬೆನ್ ಎಟ್ಜೆಬೆತ್ ಇದ್ದರು, ಸುಮಾರು 1.72 ಮೀಟರಿನ ಚೆಸ್ಲಿನ್ ಕೋಲ್ಬೆಯೂ ಇದ್ದರು.

ಸ್ಪರ್ಧೆಯ ಹಂತ ಮೇಲೇರಿದಂತೆ ಸಾಮಾನ್ಯವಾಗಿ ಅದೇ ಸ್ಥಾನದ ಆಟಗಾರರಲ್ಲಿ ಸ್ನಾಯು ಹೆಚ್ಚು, ಕೊಬ್ಬು ಕಡಿಮೆ. ಬಿಎಂಐ ಇವೆರಡನ್ನು ಬೇರ್ಪಡಿಸಲಾರದು. ಅದಕ್ಕೇ ತರಬೇತುದಾರರು ಚರ್ಮದಡಿಯ ಕೊಬ್ಬು ತಿಳಿಯಲು, ಮೈಯ ಹಲವು ಜಾಗಗಳಲ್ಲಿ ಚಿವುಟಿ ಹಿಡಿದ ಚರ್ಮದ ಮಡಿಕೆಗಳ ದಪ್ಪವನ್ನು ಕ್ಯಾಲಿಪರ್ ಎಂಬ ಇಕ್ಕಳದಂಥ ಸಾಧನದಿಂದ ಅಳೆದು ಮಿಲಿಮೀಟರ್‌ಗಳಲ್ಲಿ ಕೂಡುತ್ತಾರೆ. ಮಡಿಕೆ ಹಿಡಿದ ಬೆರಳುಗಳಿಂದ 1 ಸೆಂಟಿಮೀಟರ್ ದೂರದಲ್ಲಿ ಕ್ಯಾಲಿಪರ್ ಹಿಡಿದು, 2 ಸೆಕೆಂಡಿನ ಬಳಿಕ ಓದಬೇಕು. ಜಾಗ ಸ್ವಲ್ಪ ಜರುಗಿದರೂ, ಅಭ್ಯಾಸ ಮುಗಿಸಿ ಬೆವರಿದ ಮೈಯಲ್ಲಿ ಅಳೆದರೂ ಅಂಕಿ ಕೆಡುತ್ತದೆ. 7 ಜಾಗಗಳ ಮೊತ್ತವನ್ನು 8 ಜಾಗಗಳದ್ದರೊಂದಿಗೆ ಹೋಲಿಸಲೂಬಾರದು.

ಹದಿಹರೆಯದವರನ್ನು ಈ ಅಂಕಿಗಳಿಂದ ತಿರಸ್ಕರಿಸುವುದಂತೂ ಅನ್ಯಾಯ. ಅವರು ಇನ್ನೂ ಬೆಳೆಯುತ್ತಿದ್ದಾರೆ. ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.