ಪೂಜೆಗಾದರೆ ಮಾತ್ರೆ ಸೈ, ನಮಗಾದರೆ ಸೈಡ್ ಎಫೆಕ್ಟ್!

ಹಾರ್ಮೋನ್ ಮಾತ್ರೆ ಅಂದರೆ ನಮ್ಮ ಮನೆಗಳಲ್ಲಿ ಯಾರಿಗೂ ಭಯವೇ ಇಲ್ಲ. ನಂಬಿಕೆ ಬರದಿದ್ದರೆ ಶ್ರಾವಣದಲ್ಲಿ ಯಾವುದಾದರೂ ಮೆಡಿಕಲ್ ಶಾಪ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೊಂದು ವಾರ ಇದೆ ಅನ್ನುವಾಗ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. "ಡೇಟ್ ಮುಂದಕ್ಕೆ ಹಾಕೋ ಮಾತ್ರೆ ಕೊಡಿ." ಅಂದರೆ ಮುಟ್ಟು ಮುಂದೂಡುವ ಹಾರ್ಮೋನ್ ಮಾತ್ರೆ. ಅಂಗಡಿಯವನು ಚೀಟಿ ಕೇಳುವುದಿಲ್ಲ. ಬಿಪಿ ಇದೆಯಾ ಅಂತಲೂ ಕೇಳುವುದಿಲ್ಲ. "ಎಷ್ಟು ದಿನಕ್ಕೆ?" ಅಷ್ಟೇ. ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ, ಚಿಕ್ಕ ಪೇಪರ್ ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ 1-1-1 ಅಂತ ಬರೆದು ಕೊಡುತ್ತಾನೆ. ಎಷ್ಟೋ ಸಲ ತರಲು ಬಂದವರು ಮನೆಯ ಗಂಡಸರೇ. ಕಳಿಸಿದವರು ಅತ್ತೆ. ಯಾರಿಗೂ ಒಂದು ಚೂರು ಸಂಕೋಚ ಇರುವುದಿಲ್ಲ.

ಅದೇ ಸೊಸೆ "ಎರಡನೇ ಮಗು ಈಗಲೇ ಬೇಡ, ದಿನಾ ತಗೊಳ್ಳೋ ಗರ್ಭನಿರೋಧಕ ಮಾತ್ರೆ ಶುರು ಮಾಡೋಣ ಅಂತಿದ್ದೀನಿ" ಅನ್ನಲಿ ನೋಡೋಣ. ಮನೆತುಂಬ ಡಾಕ್ಟರುಗಳು ಹುಟ್ಟಿಕೊಳ್ಳುತ್ತಾರೆ. ದಪ್ಪ ಆಗ್ತೀಯ, ಗರ್ಭಕೋಶ ಹಾಳಾಗುತ್ತೆ, ಆಮೇಲೆ ಬೇಕು ಅಂದಾಗ ಮಕ್ಕಳಾಗಲ್ಲ, ಕ್ಯಾನ್ಸರ್ ಬರುತ್ತೆ. ಹಬ್ಬಕ್ಕೆ ಅಂತ ನುಂಗಿದಾಗ ಇವೆಲ್ಲ ಎಲ್ಲಿ ಹೋಗಿದ್ದವೋ ಗೊತ್ತಿಲ್ಲ.

ನನ್ನ ತಲೆಯಲ್ಲಿ ಕೆಲವು ತಿಂಗಳಿಂದ ಇದೇ ಓಡುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ವಯಸ್ಸು 31. ಮಗಳು ಯುಕೆಜಿಗೆ ಹೋಗುತ್ತಾಳೆ. ಹೆರಿಗೆ ಆದ ಮೇಲೆ ಕಾಪರ್-ಟಿ ಹಾಕಿಸಿಕೊಂಡಿದ್ದೆ. ಎಷ್ಟೋ ಜನಕ್ಕೆ ಅದು ಒಗ್ಗುತ್ತೆ, ನನಗೆ ಒಗ್ಗಲಿಲ್ಲ. ಬ್ಲೀಡಿಂಗ್ ವಿಪರೀತ ಆಗಿ ಹಿಮೋಗ್ಲೋಬಿನ್ ಇಳಿಯಿತು, ತೆಗೆಸಿದೆ. ಆಮೇಲೆ ಕಾಂಡೋಮ್. ಅದರ ಜೊತೆ ಪ್ರತಿ ತಿಂಗಳೂ ಕ್ಯಾಲೆಂಡರ್ ನೋಡುತ್ತಾ ಎದೆ ಡವಡವ. ಒಂದು ದಿನ ತಡವಾದರೂ ಆಫೀಸಿನಲ್ಲಿ ಕೆಲಸ ಓಡುತ್ತಿರಲಿಲ್ಲ. ಸಾಕಾಗಿತ್ತು.

ಮೊದಲು ಆ ಡೇಟ್ ಮುಂದೆ ಹಾಕೋ ಮಾತ್ರೆ ವಿಷಯಕ್ಕೆ ಬರುತ್ತೇನೆ. ಅದು ನಾರ್‌ಎಥಿಸ್ಟೆರಾನ್ ಅನ್ನೋ ಹಾರ್ಮೋನ್. ಸಾಮಾನ್ಯವಾಗಿ 5 ಮಿಲಿಗ್ರಾಂನದು ದಿನಕ್ಕೆ ಮೂರು, ಅಂದರೆ 15 ಮಿಲಿಗ್ರಾಂ. ಅಷ್ಟು ಪ್ರಮಾಣದಲ್ಲಿ ತಗೊಂಡಾಗ ಅದರ ಸ್ವಲ್ಪ ಭಾಗವನ್ನು ನಮ್ಮ ದೇಹ ಎಥಿನೈಲ್ ಎಸ್ಟ್ರಡಯಾಲ್ ಆಗಿ ಬದಲಾಯಿಸಿಕೊಳ್ಳುತ್ತದೆ. ಮಾಮೂಲಿ ಗರ್ಭನಿರೋಧಕ ಮಾತ್ರೆಯಲ್ಲಿ ಇರುವ ಎಸ್ಟ್ರೋಜನ್ ಹಾರ್ಮೋನ್ ಇದೇ. ಎಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತೆ, ಆ ಭಯ ಯಾರಿಗೆ ಜಾಸ್ತಿಯೋ ಅವರು ಇದನ್ನೂ ಡಾಕ್ಟರ್ ಕೇಳದೆ ತಗೊಳ್ಳಬಾರದು. ತಮಾಷೆ ಏನಂದರೆ, ಹೀಗೆ ಹಬ್ಬಕ್ಕೆ ನುಂಗುವ ಮಾತ್ರೆಯಿಂದ ಬಸಿರು ತಡೆಯುವ ಗ್ಯಾರಂಟಿಯೂ ಇಲ್ಲ. ಅಂದರೆ ಹಾರ್ಮೋನ್ ಪೂರ್ತಿ ನಮ್ಮ ಮೈಗೆ, ಲಾಭ ಪೂರ್ತಿ ಪೂಜೆಗೆ.

ನಮ್ಮ ಮನೆ ಗೃಹಪ್ರವೇಶದ ಹೊತ್ತಿಗೆ ನಾನೂ ಅದನ್ನು ನುಂಗಿದವಳೇ. ಆಗ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಈ ಸಲ ದಿನದ ಮಾತ್ರೆ ಶುರು ಮಾಡಲೋ ಬೇಡವೋ ಅಂತ ಕೇಳಲು ಲೇಡಿ ಡಾಕ್ಟರ್ ಹತ್ತಿರ ಹೋದಾಗ ಮೊದಲು ತೋಳಿಗೆ ಬಿಪಿ ಪಟ್ಟಿ ಬಿತ್ತು. ಆಮೇಲೆ ಶುರು. ಸಿಗರೇಟ್ ಸೇದುತ್ತೀರಾ? ಸಕ್ಕರೆ ಕಾಯಿಲೆ? ಕಾಮಾಲೆ ಬಂದಿತ್ತಾ? ಮಗು ಇನ್ನೂ ಎದೆಹಾಲು ಕುಡಿಯುತ್ತಾ? ಟಿಬಿ ಮಾತ್ರೆ, ಫಿಟ್ಸ್ ಮಾತ್ರೆ ಏನಾದರೂ ನಡೀತಿದೆಯಾ? ಕಾಲು ಒಂದು ಕಡೆ ಮಾತ್ರ ಊದಿಕೊಂಡಿದ್ದು, ರಕ್ತ ಗಟ್ಟಿಯಾಗಿದ್ದು, ಮನೆಯಲ್ಲಿ ಯಾರಿಗಾದರೂ?

ಇನ್ನೊಂದು ಕೇಳಿದರು, ಅದು ನನಗೆ ಹೊಸದು. "ತಲೆನೋವು ಬರುತ್ತಾ? ಬರೋಕೆ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಗೆರೆ, ಮಿಂಚೋ ಬೆಳಕು ಕಾಣುತ್ತಾ?" ನನಗೆ ತಲೆನೋವು ಅಂದರೆ ಮೀಟಿಂಗ್ ಆದ ಮೇಲೆ ಬರೋದು, ಕಾಫಿ ಕುಡಿದರೆ ಹೋಗೋದು. ಆದರೆ ಹಾಗೆ ಬೆಳಕು ಕಂಡು ಬರುವ ಮೈಗ್ರೇನ್ ಇದ್ದವರಿಗೆ ಎಸ್ಟ್ರೋಜನ್ ಇರುವ ಮಾತ್ರೆ ಕೊಡುವಂತಿಲ್ಲವಂತೆ. ಮೆದುಳಿಗೆ ಸ್ಟ್ರೋಕ್ ಆಗುವ ಅಪಾಯ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇದು 'ಬೇಡವೇ ಬೇಡ' ಅನ್ನುವ ಗುಂಪಿನಲ್ಲಿದೆ. ನನ್ನ ಗೆಳತಿಯೊಬ್ಬಳಿಗೆ ವರ್ಷಗಳಿಂದ ಹೀಗೇ ತಲೆನೋವು. ಅವಳಿಗೆ ಹಬ್ಬದ ಮಾತ್ರೆ ತಂದುಕೊಟ್ಟವರಲ್ಲಿ ಒಬ್ಬರೂ ಇದನ್ನು ಕೇಳಿಲ್ಲ.

ಮನೆಯವರ ಕಾಯಿಲೆ ವಿಷಯ ಕೇಳಲು ಡಾಕ್ಟರ್ ಮುಂದೆ ಕೂತೇ ಅಮ್ಮನಿಗೆ ಫೋನ್ ಮಾಡಿದೆ. "ರಕ್ತ ಗಟ್ಟಿಯಾಗೋದಾ? ನಮ್ಮ ಕಡೆ ಯಾರಿಗೂ ಇಲ್ಲ ಕಣೇ. ಅಜ್ಜಿಗೆ ಕಾಲು ಊದ್ಕೊಳ್ತಿತ್ತು, ಅದು ಎರಡೂ ಕಾಲು, ವಯಸ್ಸಿಗೆ. ಯಾಕೆ, ನಿಂಗೇನಾಯ್ತು?" ಏನಾಗಿಲ್ಲ ಅಂತ ಹೇಳಿ ಮುಗಿಸುವಷ್ಟರಲ್ಲಿ ಸಾಕುಸಾಕಾಯಿತು. ಸಂಜೆ ಮತ್ತೆ ಫೋನ್ ಮಾಡಿ ದೊಡ್ಡಮ್ಮನ ಮೊಣಕಾಲು ನೋವಿನ ಇತಿಹಾಸವನ್ನೂ ಹೇಳಿದರು.

ಈ ಹೆಪ್ಪುಗಟ್ಟುವ ಭಯದ ಲೆಕ್ಕ ಒಂದು ಸಲ ಎದುರಿಗಿಟ್ಟುಕೊಂಡು ನೋಡಬೇಕು. ಮಾತ್ರೆ ತಗೊಳ್ಳದ, ಬಸುರಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಜನಕ್ಕೆ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ. ಎಸ್ಟ್ರೋಜನ್ ಇರುವ ಮಾತ್ರೆ ತಗೊಳ್ಳುವವರಲ್ಲಿ 3ರಿಂದ 9. ಬಸುರಿಯರಲ್ಲಿ 5ರಿಂದ 20. ಹೆರಿಗೆಯಾದ ಮೊದಲ 12 ವಾರಗಳಲ್ಲಿ, ಅದೇ ವರ್ಷದ ಲೆಕ್ಕಕ್ಕೆ ತಂದರೆ, 40ರಿಂದ 65. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಡುವ ಅಂಕಿ ಇದು. ಮಾತ್ರೆಯಿಂದ ಅಪಾಯ ಏರುತ್ತೆ, ಸುಳ್ಳಲ್ಲ. ಮೊದಲ ವರ್ಷ, ಅದರಲ್ಲೂ ಮೊದಲ ಕೆಲವು ತಿಂಗಳು ಜಾಸ್ತಿ ಎಚ್ಚರ ಬೇಕು. ಒಂದೇ ಕಾಲು ಊದಿ ನೋವು, ಇದ್ದಕ್ಕಿದ್ದ ಹಾಗೆ ಎದೆನೋವು, ಉಸಿರು ಕಟ್ಟುವುದು, ಮಾತು ತೊದಲುವುದು ಅಂದರೆ ನೇರ ಆಸ್ಪತ್ರೆಗೆ. ಆದರೆ "ಮಾತ್ರೆ ಅಪಾಯ, ಸುಮ್ನೆ ಇನ್ನೊಂದು ಹೆತ್ಬಿಡು" ಅನ್ನುವವರು ಆ ಕೊನೆಯ ಎರಡು ಅಂಕಿಗಳನ್ನು ಇನ್ನೊಮ್ಮೆ ಓದಬೇಕು.

ಇನ್ನು ಮಕ್ಕಳಾಗಲ್ಲ ಅನ್ನುವುದು. ಇದು ಶುದ್ಧ ಸುಳ್ಳು. ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ಕೆಲವೇ ತಿಂಗಳಲ್ಲಿ ಮೊದಲಿನ ಹಾಗೇ ಆಗುತ್ತದೆ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್‌ನಲ್ಲಿ ಮಾತ್ರ ಸ್ವಲ್ಪ ತಡ ಆಗಬಹುದು. ಮಾತ್ರೆಯಿಂದ ದಪ್ಪ ಆಗುವ ಮಾತಿಗೂ ಅಂಥ ಆಧಾರ ಸಿಕ್ಕಿಲ್ಲ. ಕ್ಯಾನ್ಸರ್ ವಿಷಯ ಎರಡು ಕಡೆಗೂ ಇದೆ: ಸ್ತನ ಕ್ಯಾನ್ಸರ್ ಅಪಾಯ ತಗೊಳ್ಳುವಷ್ಟು ಕಾಲ ಸ್ವಲ್ಪ ಏರುತ್ತದೆ, ಬಿಟ್ಟ ಮೇಲೆ ನಿಧಾನವಾಗಿ ಇಳಿಯುತ್ತದೆ. ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಕಡಿಮೆ ಆಗುತ್ತದೆ, ಬಿಟ್ಟ ಮೇಲೂ ವರ್ಷಗಟ್ಟಲೆ. ವಾಟ್ಸಾಪ್ ಫಾರ್ವರ್ಡಿನಲ್ಲಿ ಯಾವಾಗಲೂ ಮೊದಲನೆಯದು ಮಾತ್ರ ಬರುತ್ತದೆ.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಮನಸ್ಸಿನ ವಿಷಯ. 2016ರಲ್ಲಿ ಡೆನ್ಮಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳ ದಾಖಲೆ ನೋಡಿ ಮಾಡಿದ ಅಧ್ಯಯನವೊಂದು ಬಂತು. ಹಾರ್ಮೋನ್ ಗರ್ಭನಿರೋಧಕ ಶುರು ಮಾಡಿದವರಲ್ಲಿ, ಅದರಲ್ಲೂ ಹದಿಹರೆಯದವರಲ್ಲಿ, ಖಿನ್ನತೆಯ ಔಷಧಿ ತಗೊಳ್ಳುವುದು ಸ್ವಲ್ಪ ಜಾಸ್ತಿ ಕಂಡಿತ್ತು. ಕಾರಣ ಮಾತ್ರೆಯೇನಾ ಅನ್ನುವುದು ಇನ್ನೂ ಚರ್ಚೆಯಲ್ಲಿದೆ. ನನಗೆ ಬಾಣಂತನದಲ್ಲಿ ಮನಸ್ಸು ತುಂಬ ಕುಗ್ಗಿತ್ತು, ಕಾರಣವೇ ಇಲ್ಲದೆ ಅಳು ಬರುತ್ತಿತ್ತು. ಡಾಕ್ಟರಿಗೆ ಹೇಳಿದೆ. ಅವರು "ಅದೆಲ್ಲ ಏನಿಲ್ಲ" ಅಂತ ತಳ್ಳಿಹಾಕಲಿಲ್ಲ. "ಮೂರು ತಿಂಗಳು ನೋಡೋಣ, ಮನಸ್ಸು ಕೆಟ್ಟರೆ ಅದನ್ನೂ ಕಾಲು ನೋವಿನಷ್ಟೇ ಸೀರಿಯಸ್ಸಾಗಿ ಹೇಳಿ" ಅಂದರು. ನನ್ನ ಗಂಡನಿಗೂ ಇದನ್ನು ಹೇಳಿಟ್ಟಿದ್ದೇನೆ. ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತೆ, ಬೈಸಿಕೊಳ್ಳುವವರು ಅವರೇ ಅಲ್ವಾ.

ಪಿಸಿಓಡಿ, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ, ಇರುವ ಕಾಲೇಜು ಹುಡುಗಿಯರ ಕಥೆ ಇನ್ನೊಂದು ಥರ. ಅವರಿಗೂ ಬರೆದುಕೊಡುವುದು ಹೆಚ್ಚುಕಡಿಮೆ ಇದೇ ಮಾತ್ರೆ. ಬರೆಯುವುದರಲ್ಲಿ ತಪ್ಪಿಲ್ಲ, ಮುಟ್ಟು ಏರುಪೇರಾಗಿ ಮೊಡವೆ, ಮುಖದ ಮೇಲೆ ಕೂದಲು ಇದ್ದವರಿಗೆ ಉಪಯೋಗ ಇದೆ. ಆದರೆ ಅದು ಗರ್ಭನಿರೋಧಕ ಮಾತ್ರೆ ಅಂತ ಆ ಹುಡುಗಿಗೆ ಯಾರೂ ಹೇಳುವುದಿಲ್ಲ. ತಾಯಿಗೆ ಗೊತ್ತಾದರೆ ಕವರ್ ಕಿತ್ತುಹಾಕಿ ಕೊಡುತ್ತಾಳೆ. ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆ, ಕಾಯಿಲೆ ವಾಸಿಯಾಯಿತು ಅಂತ ಹುಡುಗಿ ನಂಬುತ್ತಾಳೆ. ಅದು ಹಾರ್ಮೋನ್ ನಿಂತ ದಿನಗಳಲ್ಲಿ ಆಗುವ ರಕ್ತಸ್ರಾವ, ಅಷ್ಟೇ. ಮಾತ್ರೆ ನಿಲ್ಲಿಸಿದರೆ ಹಳೇ ತೊಂದರೆ ವಾಪಸ್ ಬರಬಹುದು. ಆಗ "ಮಾತ್ರೆಯಿಂದಲೇ ಹಾಳಾಯ್ತು" ಅನ್ನುತ್ತಾರೆ. ಹೇಳಿ ಕೊಟ್ಟಿದ್ದರೆ ಈ ಗಲಾಟೆ ಇರುತ್ತಿತ್ತಾ?

ಪೆಟ್ಟಿಗೆಯೊಳಗೆ ಮಡಚಿಟ್ಟ ಮಾಹಿತಿ ಚೀಟಿ ಕೂಡ ಸುಮ್ನೆ ಬಂದಿದ್ದಲ್ಲ. ಅಮೆರಿಕದಲ್ಲಿ 1960ರಲ್ಲಿ ಮಾತ್ರೆಗೆ ಒಪ್ಪಿಗೆ ಸಿಕ್ಕಾಗ ಅದರಲ್ಲಿ ಈಗಿನದಕ್ಕಿಂತ ಎಷ್ಟೋ ಪಟ್ಟು ಹಾರ್ಮೋನ್ ಇತ್ತು. 1970ರಲ್ಲಿ ಅಲ್ಲಿನ ಸೆನೆಟ್ ಅದರ ಅಪಾಯಗಳ ಬಗ್ಗೆ ವಿಚಾರಣೆ ನಡೆಸಿತು. ಮಾತ್ರೆ ನುಂಗುವ ಹೆಂಗಸರನ್ನು ಯಾಕೆ ಕೇಳುತ್ತಿಲ್ಲ ಅಂತ ಹೆಣ್ಣುಮಕ್ಕಳು ಸಭೆಯಲ್ಲೇ ಎದ್ದುನಿಂತು ಜಗಳ ಮಾಡಿದರು. ಆಮೇಲೆ ಬಂತು ಆ ಚೀಟಿ. ನಮ್ಮಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವಾಗ ಅದು ಅಂಗಡಿಯವನ ಕಸದ ಬುಟ್ಟಿಗೆ.

ನಾನಿರುವುದು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1930ರಲ್ಲಿ, ಇಲ್ಲಿನ ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಸರ್ಕಾರವೊಂದು ಹೀಗೆ ಮಾಡಿದ್ದು ಪ್ರಪಂಚದಲ್ಲೇ ಮೊದಲು ಅನ್ನುತ್ತಾರೆ. ಅದೇ ಊರಿನಲ್ಲಿ ಇವತ್ತು ಮಾಲಾ-ಡಿ ಅನ್ನೋ ದಿನದ ಗರ್ಭನಿರೋಧಕ ಮಾತ್ರೆ ಕೇಳಿದರೆ ಕಪ್ಪು ಕವರಿನಲ್ಲಿ ಸುತ್ತಿ ಕೊಡುತ್ತಾರೆ. ಐ-ಪಿಲ್ ಅನ್ನೋ ತುರ್ತು ಗರ್ಭನಿರೋಧಕ ಗುಳಿಗೆ ಆದರೆ ಪರವಾಗಿಲ್ಲ, ಟಿವಿಯಲ್ಲಿ ಜಾಹೀರಾತು ಬಂದಿದೆ. ಆ ಒಂದು ಗುಳಿಗೆಯಲ್ಲಿ 1.5 ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್ ಅನ್ನೋ ಹಾರ್ಮೋನ್ ಇದೆ, ಮಾಲಾ-ಡಿಯ ಒಂದು ಮಾತ್ರೆಯಲ್ಲಿ 0.15. ಹತ್ತು ಪಟ್ಟು. ತುರ್ತಿಗೆ ಅಂತ ಮಾಡಿದ್ದು, ತುರ್ತಿಗೆ ಒಳ್ಳೆಯದೇ. ದಿನದ ಮಾತ್ರೆಗೆ ಹೆದರಿ ತಿಂಗಳಿಗೆ ಎರಡು ಸಲ ಇದನ್ನು ನುಂಗುವವರ ತರ್ಕ ಮಾತ್ರ ನನಗೆ ಅರ್ಥವಾಗಲ್ಲ. ಬಸಿರು ತಡೆಯುವುದರಲ್ಲೂ ಅದು ದಿನದ ಮಾತ್ರೆಯಷ್ಟು ಗಟ್ಟಿ ಅಲ್ಲ.

"ಮಾತ್ರೆ ಯಾಕೆ, ಆಪರೇಷನ್ ಮಾಡಿಸ್ಕೊಂಡ್ಬಿಡು" ಅಂತ ಓರಗಿತ್ತಿ ಅಂದರು. ನಮ್ಮ ರಾಜ್ಯದ ಉತ್ತರ ಯಾವಾಗಲೂ ಅದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇಕಡಾ 57ರಷ್ಟು ಜನ ಆಪರೇಷನ್ ಮಾಡಿಸಿಕೊಂಡವರು. ದೇಶದಲ್ಲಿ ಗಂಡಸರ ಆಪರೇಷನ್ ಶೇಕಡಾ 0.3. ನನಗೆ ಇನ್ನೊಂದು ಮಗು ಬೇಕಾ ಬೇಡವಾ ಅಂತಲೇ ಇನ್ನೂ ತೀರ್ಮಾನ ಆಗಿಲ್ಲ, ಆಪರೇಷನ್ ಎಲ್ಲಿಂದ ಬಂತು? ಬೇಡ ಅಂತ ಆದ ದಿನ ಮೊದಲು ಗಂಡನ ಜೊತೆ ಅವರ ಆಪರೇಷನ್ ಬಗ್ಗೆ ಮಾತಾಡುತ್ತೇನೆ. ಅದು ಚಿಕ್ಕದು, ಬೇಗ ಮುಗಿಯುತ್ತೆ. ಈ ಪೋಸ್ಟ್ ಅವರೂ ಓದುತ್ತಾರೆ, ಓದಲಿ.

ದುಡ್ಡಿನ ಕಷ್ಟ ಇದ್ದವರಿಗೆ ಹೇಳಬೇಕು, ಪಿಎಚ್‌ಸಿಯಲ್ಲಿ, ಅಂದರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮಾಲಾ-ಎನ್ ಅನ್ನೋ ದಿನದ ಮಾತ್ರೆ ಪುಕ್ಕಟೆ. ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು. 28 ಮಾತ್ರೆಯ ಸ್ಟ್ರಿಪ್, 21 ಹಾರ್ಮೋನಿನವು, ಉಳಿದ ಏಳು ಬರೀ ಕಬ್ಬಿಣಾಂಶದವು. ಹಾರ್ಮೋನೇ ಬೇಡ ಅನ್ನುವವರಿಗೆ ಛಾಯಾ ಇದೆ. ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ನಮ್ಮದೇ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ನನಗೆ ವಾರಕ್ಕೊಂದು ಅಂದರೆ ಖಂಡಿತ ಮರೆತುಹೋಗುತ್ತೆ.

ಮರೆವಿನ ವಿಷಯ ಸಣ್ಣದಲ್ಲ. ಒಂದೂ ತಪ್ಪಿಸದೆ ತಗೊಂಡರೆ ವರ್ಷಕ್ಕೆ 1,000 ಜನರಲ್ಲಿ ಮೂವರು ಮಾತ್ರ ಬಸಿರಾಗಬಹುದು. ನಮ್ಮ ನಿಮ್ಮಂಥವರು ಆಗಾಗ ಮರೆಯುತ್ತಾ ತಗೊಂಡರೆ 100ರಲ್ಲಿ ಏಳು. ಅದಕ್ಕೇ ಸ್ಟ್ರಿಪ್ಪನ್ನು ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬಿ ಪಕ್ಕ ಇಟ್ಟಿದ್ದೇನೆ. ಹೌದು, ಶುರು ಮಾಡಿದೆ. ಅತ್ತೆ ನೋಡಿದರು. "ಇದೇನು?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾಲಕ್ಕೆ ವಂಕಿ ಹಾಕ್ತೀವಿ ಅಂತ ಬರೋರು, ನಿಮ್ಮ ಮಾವ ಬೇಡ ಅಂದ್ರು" ಅಂದರು. ವಂಕಿ ಅಂದರೆ ಕಾಪರ್-ಟಿ ಥರದ್ದು. ಬೇಡ ಅಂದವರು ಮಾವ. ನಾಲ್ಕು ಹೆತ್ತವರು ಅತ್ತೆ.

ಮುಂದಿನ ಹಬ್ಬಕ್ಕೆ ಡೇಟ್ ಬಂದರೆ ಬರಲಿ ಅಂತಲೂ ಅವರಿಗೆ ಹೇಳಿದ್ದೇನೆ. ಕಳಶ ಅವರೇ ಕೂರಿಸುತ್ತಾರೆ, ಒಬ್ಬಟ್ಟು ಆರ್ಡರ್ ಕೊಟ್ಟರಾಯಿತು.

ಇನ್ನು ಇನ್‌ಬಾಕ್ಸಿಗೆ ಬಂದು "ಅಕ್ಕಾ, ಯಾವ ಮಾತ್ರೆ, ಹೆಸರು ಹೇಳಿ" ಅಂತ ದಯವಿಟ್ಟು ಕೇಳಬೇಡಿ. ನಿಮ್ಮ ಬಿಪಿ ಎಷ್ಟು ಅಂತ ನನಗೆ ಗೊತ್ತಿಲ್ಲ. ಡಾಕ್ಟರ್ ಹತ್ತಿರ ಹೋದಾಗ ಏನೇನು ಕೇಳಬೇಕು, ಏನೇನು ಮುಚ್ಚಿಡಬಾರದು ಅಂತ ಬೇಕಿದ್ದರೆ ಕೇಳಿ, ಹೇಳುತ್ತೇನೆ.